ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಮಲ್ಪೆಗೆ: ಒಂದು ದಿನದ ಪಯಣಕ್ಕೆ ಜುಲೈ ಸೂಕ್ತವೇ?

ಬಯಲುಸೀಮೆಯವ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಜುಲೈ ಎರಡನೇ ವಾರ ಶಿವಮೊಗ್ಗದಲ್ಲಿರುವ ತಂಗಿಯ ಮನೆಗೆ ಬರುವವರಿದ್ದೇವೆ. ಅಲ್ಲಿಂದ ಒಂದು ಬೆಳಿಗ್ಗೆ ಹೊರಟು ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿಯ ಮೂಲಕ ಮಲ್ಪೆಗೆ ಹೋಗಿ, ರಾತ್ರಿ ಊಟದ ಹೊತ್ತಿಗೆ ಶಿವಮೊಗ್ಗಕ್ಕೆ ಮರಳಬೇಕೆಂದು ಯೋಚಿಸಿದ್ದೇವೆ. ಕಾರಿನಲ್ಲಿ ಎಪ್ಪತ್ತು ದಾಟಿದ ನನ್ನ ತಾಯಿ, ಪತ್ನಿ ಮತ್ತು ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು ಇರುತ್ತಾರೆ. ತಾಯಿಯವರಿಗೆ ಆಗುಂಬೆಯ ಮಳೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಬಹಳ ವರ್ಷಗಳದು. ಮಗಳಿಗೆ ಮಳೆಯ ಹಂಬಲವಿಲ್ಲ. ಅವಳಿಗೆ ಮೀನುಗಾರಿಕೆ ಬಂದರು, ಬೋಟುಗಳು, ಮೀನಿನ ಏಲಂ ನೋಡಬೇಕು. ಬೆಟ್ಟ ಮತ್ತು ಕಡಲು ಎರಡನ್ನೂ ಒಂದೇ ದಿನದಲ್ಲಿ ಮುಗಿಸಬಹುದೇ, ಜುಲೈ ತಿಂಗಳಲ್ಲಿ ಘಾಟಿಯ ರಸ್ತೆ ಹೇಗಿರುತ್ತದೆ, ದಾರಿಯಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲದೆ ಮುಂದೆ ಹೋಗಬೇಕು ಎಂಬುದನ್ನು ಆ ಭಾಗದವರು ತಿಳಿಸಿದರೆ ಉಪಕಾರವಾಗುತ್ತದೆ.

ತೀರ್ಥಹಳ್ಳಿ ಮೇಷ್ಟ್ರು

ಮಾನ್ಯರೇ, ಮೊದಲು ದಾರಿಯ ವಿಷಯ. ಶಿವಮೊಗ್ಗದಿಂದ ಮಲ್ಪೆಗೆ ಈ ಮಾರ್ಗದಲ್ಲಿ ಸುಮಾರು 155 ಕಿ.ಮೀ. ಆಗುತ್ತದೆ. ತೀರ್ಥಹಳ್ಳಿಯವರೆಗಿನ 60 ಕಿ.ಮೀ. ಶಿವಮೊಗ್ಗ–ಮಂಗಳೂರು ರಾಷ್ಟ್ರೀಯ ಹೆದ್ದಾರಿ 169. ನಮ್ಮೂರಿನಲ್ಲಿ ಅದನ್ನು ಬಿಟ್ಟು 169ಎ ಹಿಡಿಯಬೇಕು. ಆ ಹೆದ್ದಾರಿ ಆಗುಂಬೆ, ಸೋಮೇಶ್ವರ, ಹೆಬ್ರಿ, ಹಿರಿಯಡ್ಕ, ಮಣಿಪಾಲ, ಉಡುಪಿಗಳನ್ನು ಹಾದು ಮಲ್ಪೆಯಲ್ಲಿಯೇ ಮುಗಿಯುವುದರಿಂದ ಮುಂದೆ ದಾರಿ ತಪ್ಪುವ ಪ್ರಮೇಯವೇ ಇಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ 33 ಕಿ.ಮೀ., ಆಗುಂಬೆಯಿಂದ ಉಡುಪಿಗೆ ಸುಮಾರು 55 ಕಿ.ಮೀ., ಅಲ್ಲಿಂದ ಮಲ್ಪೆಗೆ ಆರು ಕಿ.ಮೀ. ಎಂದು ಲೆಕ್ಕವಿಟ್ಟುಕೊಳ್ಳಿ. ನಿಲ್ಲದೆ ಹೋದರೆ ನಾಲ್ಕು ಗಂಟೆಯ ದಾರಿ. ಆದರೆ ಈ ದಾರಿಯಲ್ಲಿ ನಿಲ್ಲದೆ ಹೋಗುವವರು ಹೋಗುವುದೇ ಏಕೆ ಎಂಬುದು ನನ್ನ ಪ್ರಶ್ನೆ.

ಶಿವಮೊಗ್ಗ ಬಿಟ್ಟ ಮೇಲೆ ಗಾಜನೂರಿನ ತುಂಗಾ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಪಕ್ಷಿಧಾಮ ಒಂದರ ಹಿಂದೊಂದು ಬರುತ್ತವೆ. ಇವು ಮೂರೂ ಚೆನ್ನಾಗಿಯೇ ಇವೆ. ಆದರೆ ಅದೇ ದಿನ ಕಡಲನ್ನೂ ನೋಡುವವರು ಇಲ್ಲಿ ಸಮಯ ಕಳೆಯಬಾರದು. ಶಿವಮೊಗ್ಗದಲ್ಲಿ ತಂಗಿಯ ಮನೆ ಇರುವವರು ಇವನ್ನು ಇನ್ನೊಂದು ಸಂಜೆ ನೋಡಿಕೊಳ್ಳಬಹುದು. ತೀರ್ಥಹಳ್ಳಿ ದಾಟಿದ ಮೇಲೆ ಅಡಿಕೆ ತೋಟ, ಗದ್ದೆ, ಕಾಡು ಒಂದರೊಳಗೊಂದು ಬೆರೆಯುತ್ತ ಹೋಗುತ್ತವೆ. ಆಕಾಶ ತಿಳಿಯಾಗಿದ್ದರೆ ಮಾತ್ರ ಕುಂದಾದ್ರಿಗೆ ತಿರುಗಿ. ಬೆಟ್ಟದ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ ಇದೆ, ಮೇಲಿನವರೆಗೂ ಕಾರು ಹೋಗುವುದರಿಂದ ತಾಯಿಯವರಿಗೆ ಹೆಚ್ಚಿನ ಶ್ರಮವಾಗುವುದಿಲ್ಲ. ಜುಲೈನಲ್ಲಿ ಹತ್ತಿದರೆ ಬಿಳಿ ಮಂಜಲ್ಲದೆ ಬೇರೇನೂ ಕಾಣುವುದು ಕಷ್ಟ.

ಇನ್ನು ಮಳೆಯ ವಿಷಯ. ಜುಲೈ ಎರಡನೇ ವಾರವೆಂದರೆ ಪುನರ್ವಸು ಮಳೆಯ ಕಾಲ. ಕಡಲಿನಿಂದ ನೀರು ಹೊತ್ತು ಬರುವ ನೈಋತ್ಯದ ಗಾಳಿಗೆ ಕರಾವಳಿಯ ತಗ್ಗು ನೆಲ ಮುಗಿದೊಡನೆ ಗೋಡೆಯಂತೆ ಎದುರಾಗುವುದು ಈ ಘಟ್ಟ. ಆಗುಂಬೆ ಇರುವುದು ಆ ಗೋಡೆಯ ಅಂಚಿನ ಮೇಲೆ, ಸುಮಾರು 650 ಮೀಟರ್ ಎತ್ತರದಲ್ಲಿ. ಮೇಲೇರಿದ ಗಾಳಿ ತಣ್ಣಗಾಗಿ ಹೊತ್ತದ್ದನ್ನು ಅಲ್ಲಿಯೇ ಸುರಿಸುತ್ತದೆ. ಹೀಗಾಗಿ ಶಿವಮೊಗ್ಗ ನಗರದಲ್ಲಿ ವರ್ಷದ ಮಳೆ ಸಾವಿರ ಮಿ.ಮೀ. ಮುಟ್ಟುವುದೇ ಕಷ್ಟವಾದರೆ, ನೂರು ಕಿ.ಮೀ. ಒಳಗಿರುವ ಆಗುಂಬೆಯಲ್ಲಿ ಸರಾಸರಿ 7,000 ಮಿ.ಮೀ. ಮೀರುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿ.ಮೀ. ಬಿದ್ದದ್ದು ದಾಖಲೆಯಲ್ಲಿದೆ. ತಾಯಿಯವರ ಆಸೆಗೆ ಜುಲೈಗಿಂತ ಒಳ್ಳೆಯ ತಿಂಗಳಿಲ್ಲ. ಮಗಳ ಆಸೆಯ ಬಗ್ಗೆ ಕರಾವಳಿಯವರು ಹೇಳಲಿ.

ಬಂದರು ಬದಿಯವಳು

ನಾನು ಮಲ್ಪೆಯವಳು, ಮೀನುಗಾರಿಕೆಯ ಮನೆತನದವಳು. ಜುಲೈನಲ್ಲಿ ಬಂದರೆ ಮಗಳಿಗೆ ನಿರಾಸೆಯಾಗುವುದು ಖಂಡಿತ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಅದು ಮೀನು ಮೊಟ್ಟೆಯಿಡುವ ಕಾಲ, ಕಡಲೂ ಆಗ ಬೋಟಿಗೆ ಬಗ್ಗುವಂಥದ್ದಲ್ಲ. ಆ ಎರಡು ತಿಂಗಳು ನಮ್ಮ ಬಂದರಿನಲ್ಲಿ ಸಾಲುಸಾಲಾಗಿ ಕಟ್ಟಿಹಾಕಿದ ಬೋಟುಗಳು, ಬಲೆ ಹೆಣೆಯುವವರು, ಬಣ್ಣ ಬಳಿಯುವವರು, ಎಂಜಿನ್ ಬಿಚ್ಚಿ ಕುಳಿತ ಮೆಕ್ಯಾನಿಕ್‌ಗಳು ಮಾತ್ರ ಕಾಣಸಿಗುತ್ತಾರೆ. ಹೊರಜಿಲ್ಲೆ, ಹೊರರಾಜ್ಯಗಳಿಂದ ಬಂದ ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ಊರಿಗೆ ಹೋಗಿರುತ್ತಾರೆ. ಬೋಟು ಕಟ್ಟಿ ಮೀನು ಇಳಿಸುವ ಧಕ್ಕೆಯ ಮೇಲೆ ಏಲಂ ಕೂಗುವ ದನಿ ಇರುವುದಿಲ್ಲ.

ಮಳೆಗಾಲದಲ್ಲಿ ಮೀನುಗಾರಿಕೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಾಡದೋಣಿಯವರಿಗೆ ಅವಕಾಶವಿದೆ, ಕಡಲು ಸ್ವಲ್ಪ ಶಾಂತವಾದ ದಿನ ಅವರು ತೀರದ ಹತ್ತಿರ ಬಲೆ ಬೀಸಿ ಬರುತ್ತಾರೆ. ಆದರೆ ಅವರು ಯಾವ ದಿನ ಇಳಿಯುತ್ತಾರೆಂಬುದು ಹಿಂದಿನ ರಾತ್ರಿಯವರೆಗೂ ಅವರಿಗೇ ತಿಳಿದಿರುವುದಿಲ್ಲ. ದೂರದಿಂದ ಬರುವವರು ಅದನ್ನು ನಂಬಿಕೊಂಡು ಯೋಜನೆ ಹಾಕುವಂತಿಲ್ಲ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ, ಬೀಚಿನಲ್ಲಿ ಯಾರೂ ನೀರಿಗಿಳಿಯದಂತೆ ಬಲೆಯ ತಡೆಬೇಲಿ ಹಾಕಿರುತ್ತಾರೆ. ಆ ಬೇಲಿಯಾಚೆ ನಿಂತು ತೆರೆಯನ್ನು ನೋಡುವುದು ಒಂದು ಅನುಭವವೇ ಹೌದು, ಆದರೆ ನಿಮ್ಮ ಮಗಳು ಕೇಳಿದ್ದು ಅದನ್ನಲ್ಲ.

ಜಡಿಮಳೆ

ಬಂದರು ಬದಿಯವರ ಮಾತನ್ನು ಗೌರವದಿಂದಲೇ ವಿರೋಧಿಸುತ್ತೇನೆ. ನಾನು ಬೆಂಗಳೂರಿನಲ್ಲಿ ನೆಲೆಸಿರುವವನು, ಮಳೆಗಾಲದಲ್ಲಿ ಈ ದಾರಿಯಲ್ಲಿ ಬಂದೇ ಬರುತ್ತೇನೆ. ಘಾಟಿಯ ಒಂದೊಂದು ತಿರುವಿನಲ್ಲೂ ಹೆಸರಿಲ್ಲದ ಝರಿಗಳು ರಸ್ತೆಗೆ ಧುಮುಕುವುದು, ಮರದ ಕಾಂಡಗಳೆಲ್ಲ ಹಾವಸೆ ಹೊದ್ದು ಹಸಿರಾಗಿರುವುದು, ಸೋಮೇಶ್ವರಕ್ಕೆ ಇಳಿದೊಡನೆ ಚಳಿ ಮಾಯವಾಗಿ ಮೈ ಬೆವರತೊಡಗುವುದು, ಇವೆಲ್ಲ ನವೆಂಬರಿನಲ್ಲಿ ಬಂದವನಿಗೆ ದಕ್ಕುವುದಿಲ್ಲ. ನೀರಿಲ್ಲದ ಘಾಟಿ ಬರೀ ತಿರುವುಗಳಿರುವ ರಸ್ತೆ. ಬಂದರನ್ನು ಯಾವ ತಿಂಗಳಾದರೂ ನೋಡಬಹುದು, ಮಳೆಗಾಲದ ಆಗುಂಬೆಯನ್ನು ಮಳೆಗಾಲದಲ್ಲಿ ಮಾತ್ರ ನೋಡಬಹುದು. ಹಾಗಾಗಿ ಜುಲೈಯಲ್ಲಿಯೇ ಬನ್ನಿ ಎಂಬುದು ನನ್ನ ಸಲಹೆ. ಇನ್ನು ಮಳೆಗಾಲದಲ್ಲಿ ಉಡುಪಿಯ ಹೋಟೆಲುಗಳಲ್ಲಿ ಮೀನು ಸಿಗುವುದಿಲ್ಲವೆಂಬ ಭಯವೂ ಬೇಡ. ಬಂಗುಡೆ, ಅಂಜಲ್ ಎರಡನ್ನೂ ನಾನು ಜುಲೈಯಲ್ಲಿಯೇ ತಿಂದಿದ್ದೇನೆ.

ಬಂದರು ಬದಿಯವಳು

ಜಡಿಮಳೆಯವರೇ, ನೀವು ತಿಂದದ್ದು ನಮ್ಮ ಕಡಲಿನ ಮೀನೇ ಎಂದು ಹೇಗೆ ಹೇಳುತ್ತೀರಿ? ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಲ್ಲಿನ ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ಇಲ್ಲಿನವು ದಡದಲ್ಲಿರುತ್ತವೆ. ಆದ್ದರಿಂದ ಜೂನ್ ಕೊನೆ, ಜುಲೈಗಳಲ್ಲಿ ನಮ್ಮ ಮಾರುಕಟ್ಟೆಗೆ ತಮಿಳುನಾಡು, ಆಂಧ್ರ ಕಡೆಯ ಮೀನು ಐಸ್ ಪೆಟ್ಟಿಗೆಯಲ್ಲಿ ಬರುತ್ತದೆ. ಮಲ್ಪೆಯವರೇ ಆ ಎರಡು ತಿಂಗಳು ಒಣಮೀನಿಗೆ, ಸಿಕ್ಕಿದರೆ ನಾಡದೋಣಿಯ ಮೀನಿಗೆ ತೃಪ್ತರಾಗುತ್ತಾರೆ. ಕಡಲಿನ ಊರಿಗೆ ಬಂದು ಐಸಿನಲ್ಲಿ ಸಾವಿರ ಕಿ.ಮೀ. ಬಂದ ಮೀನು ತಿನ್ನುವುದಕ್ಕೆ ಘಾಟಿ ಇಳಿಯಬೇಕಾಗಿಲ್ಲ, ಅದು ದಾವಣಗೆರೆಯಲ್ಲಿಯೂ ಸಿಗುತ್ತದೆ.

ಬಂದರನ್ನು ಯಾವ ತಿಂಗಳಾದರೂ ನೋಡಬಹುದೆಂಬ ಮಾತೂ ಸರಿಯಲ್ಲ. ಆಗಸ್ಟ್ 1ಕ್ಕೆ ನಿಷೇಧ ಮುಗಿದರೂ ಅಂದೇ ಎಲ್ಲ ಬೋಟುಗಳೂ ಹೊರಡುವುದಿಲ್ಲ. ಗಾಳಿಯ ಬಿರುಸು ತಗ್ಗಬೇಕು. ನೂಲ ಹುಣ್ಣಿಮೆಯಂದು ವಡಭಾಂಡೇಶ್ವರದ ಕಡಲತೀರದಲ್ಲಿ ಸಮುದ್ರ ಪೂಜೆ ನಡೆದು ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಋತುವಿಗೆ ನಿಜವಾದ ಕಳೆ ಬರುವುದು. ಅಲ್ಲಿಂದ ಮುಂದೆ ಮೇ ಕೊನೆಯವರೆಗೆ ಬಂದರು ತುಂಬಿರುತ್ತದೆ.

ಹೆಬ್ರಿ ಚಾಲಕ

ನಾನು ಈ ಘಾಟಿಯಲ್ಲಿ ಬಾಡಿಗೆ ಕಾರು ಓಡಿಸುವವನು. ನೋಟದ ವಿಷಯವನ್ನು ನಿಮಗೆ ಬಿಟ್ಟು ರಸ್ತೆಯ ವಿಷಯವನ್ನಷ್ಟೇ ಹೇಳುತ್ತೇನೆ.

ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಆಗುಂಬೆಯಿಂದ ಸೋಮೇಶ್ವರದವರೆಗಿನ ಹತ್ತು ಕಿ.ಮೀ. ಚಿಲ್ಲರೆ ದೂರದಲ್ಲಿ ಐದುನೂರು ಮೀಟರಿಗೂ ಹೆಚ್ಚು ಇಳಿಯುತ್ತೀರಿ. ತಿರುವುಗಳು ಎಷ್ಟು ಬಿಗಿಯೆಂದರೆ ಭಾರಿ ಲಾರಿ, ದೊಡ್ಡ ಬಸ್ಸುಗಳಿಗೆ ಇಲ್ಲಿ ಪ್ರವೇಶವಿಲ್ಲ, ಮಿನಿ ಬಸ್ಸುಗಳು ಮಾತ್ರ ಓಡಾಡುತ್ತವೆ. ಬಯಲುಸೀಮೆಯಿಂದ ಬರುವ ಅನೇಕರು ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿ ಹಿಡಿದುಕೊಂಡು ಬರುತ್ತಾರೆ. ಕೆಳಗೆ ಸೋಮೇಶ್ವರ ತಲುಪುವಾಗ ಚಕ್ರದಿಂದ ಸುಟ್ಟ ವಾಸನೆ ಬರುತ್ತಿರುತ್ತದೆ. ಎರಡನೇ ಗೇರಿನಲ್ಲಿಯೇ ಇಳಿಯಿರಿ, ಬಿಗಿ ತಿರುವುಗಳಲ್ಲಿ ಒಂದನೇ ಗೇರಿಗೂ ಬರಬೇಕಾಗಬಹುದು. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಏರುತ್ತಿರುವ ವಾಹನಕ್ಕೆ ದಾರಿ ಬಿಡುವುದು ಇಳಿಯುವವನ ಕರ್ತವ್ಯ, ಏಕೆಂದರೆ ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವುದು ಕಷ್ಟ. ಪ್ರತಿ ತಿರುವಿಗೂ ಹಾರನ್ ಹಾಕಿ, ಮಂಜಿದ್ದರೆ ಹಗಲಿನಲ್ಲಿಯೂ ದೀಪ ಹಾಕಿ. ದೀಪವನ್ನು ತಗ್ಗಿಸಿಯೇ ಇಡಿ, ಎತ್ತಿದರೆ ಮಂಜಿನಲ್ಲಿ ನಿಮ್ಮ ಬೆಳಕು ನಿಮ್ಮ ಕಣ್ಣಿಗೇ ಹೊಡೆಯುತ್ತದೆ.

ಜುಲೈಯಲ್ಲಿ ಇನ್ನೊಂದು ಅಪಾಯವಿದೆ. 2022ರ ಜುಲೈನಲ್ಲಿ ಘಾಟಿಯಲ್ಲಿ ಮಣ್ಣು ಕುಸಿದು ಸಂಚಾರವನ್ನೇ ನಿಲ್ಲಿಸಿದ್ದರು. ಮರ ಬೀಳುವುದಂತೂ ಪ್ರತಿ ಮಳೆಗಾಲದ ಮಾತು. ಬೆಳಿಗ್ಗೆ ತೆರೆದಿದ್ದ ಘಾಟಿ ಸಂಜೆಗೆ ಮುಚ್ಚಿದರೆ ನೀವು ವಾಪಸಾಗಲು ಕಾರ್ಕಳ, ಕುದುರೆಮುಖ ಅಥವಾ ಹೊಸಂಗಡಿಯ ಕಡೆಯಿಂದ ಸುತ್ತಬೇಕು. ಅದು ರಾತ್ರಿಯಲ್ಲಿ, ವಯಸ್ಸಾದವರನ್ನು ಕೂರಿಸಿಕೊಂಡು ಮಾಡುವ ಕೆಲಸವಲ್ಲ. ಮಳೆಗಾಲದಲ್ಲಿ ಒಂದೇ ದಿನದಲ್ಲಿ ಹೋಗಿ ಬರುವುದನ್ನು ನಾನು ನನ್ನ ಗಿರಾಕಿಗಳಿಗೂ ಬೇಡವೆಂದೇ ಹೇಳುತ್ತೇನೆ. ಬಾಡಿಗೆ ಹೋದರೂ ಪರವಾಗಿಲ್ಲ.

ಪಂಚಗಂಗಾವಳಿ

ಮೀನುಗಾರಿಕೆ ಊರು ಎಂದೊಡನೆ ಎಲ್ಲರೂ ಮಲ್ಪೆಯ ಹೆಸರನ್ನೇ ಹೇಳುತ್ತಾರೆ. ನಮ್ಮ ಗಂಗೊಳ್ಳಿಯನ್ನೂ ಪರಿಗಣಿಸಿ. ತೀರ್ಥಹಳ್ಳಿಯಿಂದ ಯಡೂರು, ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿದರೆ ಹೊಸಂಗಡಿ, ಸಿದ್ದಾಪುರ, ಕುಂದಾಪುರ. ಬಾಳೆಬರೆ ಘಾಟಿ ಎಂದೂ ಕರೆಯುವ ಈ ದಾರಿಯಲ್ಲಿ ದೊಡ್ಡ ವಾಹನಗಳಿಗೂ ಅವಕಾಶವಿದೆ, ಇತ್ತೀಚಿನ ಹಲವು ಮಳೆಗಾಲಗಳಲ್ಲಿ ಹುಲಿಕಲ್ ಆಗುಂಬೆಗಿಂತ ಹೆಚ್ಚು ಮಳೆ ಕಂಡಿದೆ, ಯಡೂರಿನ ಬಳಿ ವಾರಾಹಿ ಯೋಜನೆಯ ಮಾಣಿ ಅಣೆಕಟ್ಟೂ ಇದೆ. ಗಂಗೊಳ್ಳಿ ಇರುವುದು ಕುಂದಾಪುರದ ಎದುರು ದಡದಲ್ಲಿ, ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ನದಿಗಳು ಒಂದಾಗಿ ಕಡಲು ಸೇರುವಲ್ಲಿ. ಕುಂದಾಪುರದಲ್ಲಿ ನಿಂತರೆ ಎದುರಿಗೇ ಕಾಣುವ ಊರಿಗೆ ರಸ್ತೆಯಲ್ಲಿ ಹೆಮ್ಮಾಡಿ, ತ್ರಾಸಿ ಸುತ್ತಿ ಹೋಗಬೇಕು ಎಂಬುದೊಂದು ಕಿರಿಕಿರಿ. ಆದರೆ ತ್ರಾಸಿಯಿಂದ ಇನ್ನೂ ಸ್ವಲ್ಪ ಮುಂದೆ ಹೋದರೆ ಮರವಂತೆ. ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ.

ತೀರ್ಥಹಳ್ಳಿ ಮೇಷ್ಟ್ರು

ಪಂಚಗಂಗಾವಳಿಯವರು ಹೇಳಿದ ದಾರಿ ನನಗೂ ಪ್ರಿಯವೇ. ಮರವಂತೆಗಾಗಿಯೇ ಹೋಗುವವರಿಗೆ ಅದೇ ಸರಿ. ಆದರೆ ಮೊದಲ ಸಲ ಘಟ್ಟ ಇಳಿಯುವವರಿಗೆ ನಾನು ಆಗುಂಬೆಯನ್ನೇ ಹೇಳುತ್ತೇನೆ. ಅದಕ್ಕೆ ಮಳೆಯ ಅಂಕಿ ಅಂಶ ಕಾರಣವಲ್ಲ. ಆಗುಂಬೆಯ ನೆತ್ತಿ ನೀರನ್ನು ಎರಡು ಕಡಲುಗಳಿಗೆ ಹಂಚುವ ಗೆರೆ. ಜೋಗಿಗುಂಡಿ ಜಲಪಾತದ ನೀರು ಮಲಾಪಹಾರಿಯಾಗಿ ತುಂಗೆಯನ್ನು ಸೇರಿ, ಭದ್ರೆಯ ಜೊತೆಗೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ಅಲ್ಲಿಂದ ಕೆಲವೇ ಕಿ.ಮೀ. ದೂರದ ಬರ್ಕಣದಲ್ಲಿ ಧುಮುಕುವ ಸೀತಾನದಿಗೆ ಅರಬ್ಬೀ ಸಮುದ್ರ ಸೇರಲು ಒಂದು ದಿನದ ದಾರಿಯೂ ಇಲ್ಲ. ಈ ಪಯಣದಲ್ಲಿ ನೀವು ಶಿವಮೊಗ್ಗದಿಂದ ಆಗುಂಬೆಯವರೆಗೆ ತುಂಗೆಯ ನೀರಿನ ವಿರುದ್ಧ ಏರುತ್ತೀರಿ, ಆಗುಂಬೆಯಿಂದ ಸೀತೆಯ ಜೊತೆಗೆ ಇಳಿಯುತ್ತೀರಿ. ಹೈಸ್ಕೂಲಿನ ಮಗಳಿಗೆ ಭೂಗೋಳ ಹೇಳಲು ಇದಕ್ಕಿಂತ ಒಳ್ಳೆಯ ಕಪ್ಪುಹಲಗೆ ನನಗೆ ಸಿಕ್ಕಿಲ್ಲ.

ಬರ್ಕಣ ಮತ್ತು ಒನಕೆ ಅಬ್ಬಿ ಜಲಪಾತಗಳನ್ನು ಈ ದಿನದ ಪಟ್ಟಿಯಿಂದ ತೆಗೆದುಹಾಕಿ. ಕಾಡಿನೊಳಗೆ ನಡೆಯಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ಉಂಬಳಗಳ (ಜಿಗಣೆಗಳ) ಕಾಟ ಬೇರೆ. ಕೆಳಗಿನ ಸೋಮೇಶ್ವರ ಅಭಯಾರಣ್ಯ ಸಿಂಗಳೀಕಗಳ ಕಾಡು. ಆಗುಂಬೆಯ ಮೀಸಲು ಅರಣ್ಯದೊಂದಿಗೆ ಅದೂ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿದೆ. ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದ ಮಳೆಕಾಡು ಸಂಶೋಧನಾ ಕೇಂದ್ರವನ್ನು ರೊಮುಲಸ್ ವಿಟೇಕರ್ ಅವರು 2005ರಲ್ಲಿ ಸ್ಥಾಪಿಸಿದ್ದೂ ಆಗುಂಬೆಯಲ್ಲಿಯೇ. ಅದು ಸಂಶೋಧಕರ ಜಾಗ, ದಾರಿಹೋಕರು ಒಳಹೊಕ್ಕು ನೋಡಿಬರುವ ಸ್ಥಳವಲ್ಲ.

ಬಯಲುಸೀಮೆಯವ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತುಗಳನ್ನೆಲ್ಲ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಬೆಟ್ಟ ತುಂಬಿ ಹರಿಯುವಾಗ ಬಂದರು ಮುಚ್ಚಿರುತ್ತದೆ, ಬಂದರು ತುಂಬಿರುವಾಗ ಬೆಟ್ಟದ ನೀರು ಇಳಿದಿರುತ್ತದೆ ಎಂದಾದರೆ, ಎರಡೂ ತಕ್ಕಮಟ್ಟಿಗೆ ಇರುವ ದಿನಗಳು ಯಾವುವು? ಮಲ್ಪೆಗೆ ಎಷ್ಟು ಹೊತ್ತಿಗೆ ತಲುಪಿದರೆ ಏಲಂ ಕಾಣಸಿಗುತ್ತದೆ? ಸೂರ್ಯಾಸ್ತವನ್ನು ಮಲ್ಪೆಯ ಬೀಚಿನಲ್ಲಿ ನೋಡುವುದು ಒಳ್ಳೆಯದೋ ಆಗುಂಬೆಯಲ್ಲಿ ನೋಡುವುದು ಒಳ್ಳೆಯದೋ? ಕೊನೆಯದಾಗಿ, ತಾಯಿಯವರು ಸಸ್ಯಾಹಾರಿ. ಬಂದರಿನ ವಾಸನೆ ಅವರಿಗೆ ಹಿಡಿಸುವುದೋ ಇಲ್ಲವೋ ಎಂಬ ಅಳುಕೂ ಇದೆ.

ಬಂದರು ಬದಿಯವಳು

ವಾಸನೆಯ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಾರೆ. ಮಲ್ಪೆ ದೊಡ್ಡ ಬಂದರು. ಮೀನು, ಡೀಸೆಲ್, ಐಸ್ ಕರಗಿದ ನೀರು ಎಲ್ಲ ಸೇರಿದ ಗಾಳಿ ಅಲ್ಲಿರುತ್ತದೆ. ತಾಯಿಯವರನ್ನು ವಡಭಾಂಡೇಶ್ವರದ ಬಲರಾಮ ದೇವಸ್ಥಾನದಲ್ಲಿ ಬಿಡಬಹುದು. ಮಧ್ವಾಚಾರ್ಯರಿಗೆ ಉಡುಪಿಯ ಕೃಷ್ಣನ ಮೂರ್ತಿ ದೊರೆತದ್ದು ಇದೇ ಕಡಲತೀರದಲ್ಲಿ ಎಂದು ನಂಬುತ್ತಾರೆ. ಪಕ್ಕದಲ್ಲಿಯೇ ಬೀಚು. ಅವರು ಅಲ್ಲಿ ಕುಳಿತಿರುವಾಗ ನೀವು ಮಗಳೊಂದಿಗೆ ಬಂದರಿಗೆ ಬನ್ನಿ. ಬಂದರಿನ ಅಳಿವೆ ಬಾಯಿಯ ಬಳಿ ಇರುವ ಸೀವಾಕ್‌ನಲ್ಲಿ ನಿಂತರೆ ಬೋಟುಗಳು ಒಳಗೆ ಬರುವುದೂ ಹೊರಗೆ ಹೋಗುವುದೂ ಹತ್ತಿರದಿಂದ ಕಾಣುತ್ತದೆ. ಅಲ್ಲಿಗಾದರೆ ತಾಯಿಯವರೂ ಬರಬಹುದು.

ಹೊತ್ತಿನ ಲೆಕ್ಕ ಹೀಗಿದೆ. ಬಲೆಯನ್ನು ಎಳೆಯುತ್ತ ಸಾಗುವ ಆಳಸಮುದ್ರದ ಟ್ರಾಲ್ ಬೋಟುಗಳು ವಾರಕ್ಕೂ ಹೆಚ್ಚು ಕಾಲ ಕಡಲಿನಲ್ಲಿದ್ದು ಮರಳುತ್ತವೆ. ಅವುಗಳ ಮೀನು ಖಾಲಿ ಮಾಡುವ ಕೆಲಸ, ಏಲಂ ನಸುಕಿನಲ್ಲಿ ಶುರುವಾಗಿ ಬೆಳಗಿನ ಹೊತ್ತೆಲ್ಲ ನಡೆಯುತ್ತದೆ. ಒಂದೇ ದಿನದಲ್ಲಿ ಹೋಗಿಬರುವ ಸಣ್ಣ ಟ್ರಾಲ್ ಬೋಟುಗಳು, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಸಾಮಾನ್ಯವಾಗಿ ಸಂಜೆಯ ಕಡೆಗೆ ಬರುತ್ತವೆ. ನಡು ಮಧ್ಯಾಹ್ನ ಬಂದವರು ತೊಳೆದ ಧಕ್ಕೆಯನ್ನು ನೋಡಿ, ಇಷ್ಟೇನಾ ಎಂದು ಹೊರಟುಹೋಗುತ್ತಾರೆ. ಶಿವಮೊಗ್ಗದಿಂದ ಐದು ಗಂಟೆಗೆ ಹೊರಟರೆ ಒಂಬತ್ತೂವರೆಯೊಳಗೆ ತಲುಪಬಹುದು. ಏಲಂನ ಭರಾಟೆ ತಗ್ಗಿದ್ದರೂ ಕೆಲಸ ನಡೆಯುತ್ತಿರುತ್ತದೆ. ಬೂತಾಯಿ, ಬಂಗುಡೆ, ಮದ್ಮಲ್, ಬೊಂಡಾಸ್, ಸಿಗಡಿ ಎಂದು ರಾಶಿ ಬೇರೆ ಮಾಡುವ ಹೆಂಗಸರ ಕೈ ಎಷ್ಟು ಬೇಗ ಓಡುತ್ತದೆಂಬುದನ್ನು ಮಗಳಿಗೆ ತೋರಿಸಿ. ಕಡಲಿಗೆ ಹೋಗುವವರು ಗಂಡಸರಾದರೂ ದಡಕ್ಕೆ ಬಂದ ಮೀನನ್ನು ಕೊಂಡು, ಬುಟ್ಟಿಯಲ್ಲೋ ಗೂಡ್ಸ್ ರಿಕ್ಷಾದಲ್ಲೋ ಊರೂರಿಗೆ ತಲುಪಿಸುವ ವ್ಯಾಪಾರದಲ್ಲಿ ಇಲ್ಲಿನ ಮೀನುಗಾರ ಸಮುದಾಯವಾದ ಮೊಗವೀರರ ಹೆಂಗಸರದು ದೊಡ್ಡ ಪಾಲು. ಅದನ್ನು ಪ್ರವಾಸಿಗಳು ಗಮನಿಸುವುದೇ ಕಡಿಮೆ.

ಒಂದು ಕೋರಿಕೆ. ಬಂದರು ಜನ ದುಡಿಯುವ ಜಾಗ. ಜಾರುವ ನೆಲ, ತುಂಬಿದ ಕ್ರೇಟುಗಳನ್ನು ಎಳೆದುಕೊಂಡು ಓಡುವ ಹುಡುಗರು, ಹಿಂದಕ್ಕೆ ಬರುವ ಲಾರಿಗಳು. ಹಿಡಿತವಿರುವ ಚಪ್ಪಲಿ ಹಾಕಿ, ದಾರಿಗೆ ಅಡ್ಡ ನಿಲ್ಲಬೇಡಿ, ಮುಖಕ್ಕೆ ಮೊಬೈಲ್ ಹಿಡಿಯುವ ಮೊದಲು ಕೇಳಿ. ನಿದ್ದೆಗೆಟ್ಟು ಬಂದ ತಾಂಡೇಲನಿಗೆ (ಬೋಟು ನಡೆಸುವವನಿಗೆ) ನಿಮ್ಮ ವಿಡಿಯೊಗೆ ನಗುವ ವ್ಯವಧಾನ ಇರುವುದಿಲ್ಲ.

ತೀರ್ಥಹಳ್ಳಿ ಮೇಷ್ಟ್ರು

ತಿಂಗಳಿನ ಪ್ರಶ್ನೆಗೆ ನನ್ನ ಉತ್ತರ: ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ಮಳೆಯ ಅಬ್ಬರ ಇಳಿದಿರುತ್ತದೆ, ಆದರೆ ನೆಲ ಕುಡಿದ ನೀರು ಇನ್ನೂ ಒಸರುತ್ತಿರುತ್ತದೆ; ಘಾಟಿಯ ದೊಡ್ಡ ಝರಿಗಳು ಆಗಲೂ ಜೀವಂತವಾಗಿರುತ್ತವೆ. ಗದ್ದೆಗಳಲ್ಲಿ ಭತ್ತ ತೆನೆಗಟ್ಟಿರುತ್ತದೆ. ಜಡಿಮಳೆಯವರು ನವೆಂಬರಿನ ಘಾಟಿಯನ್ನು ಬರೀ ರಸ್ತೆ ಎಂದದ್ದನ್ನು ಒಪ್ಪಲಾರೆ. ಮಳೆಗಾಲದಲ್ಲಿ ಮಂಜು ಮುಚ್ಚಿಡುವ ಕಣಿವೆಯ ಆಳ ಕಾಣುವುದೇ ಆಗ.

ಸೂರ್ಯಾಸ್ತದ ವಿಷಯದಲ್ಲಿ ನಾನು ಪಕ್ಷಪಾತಿ. ಕಡಲ ದಂಡೆಯಲ್ಲಿ ಮುಳುಗುವ ಸೂರ್ಯನನ್ನು ಎಲ್ಲಿ ಬೇಕಾದರೂ ನೋಡಬಹುದು. ಬೆಳಿಗ್ಗೆ ತಾನು ಹೋಗಿಬಂದ ಕಡಲನ್ನೇ ಸಂಜೆ ಘಟ್ಟದ ಅಂಚಿನಿಂದ ದೂರದ ಗೆರೆಯಾಗಿ ನೋಡುವುದು ಆಗುಂಬೆಯಲ್ಲಿ ಸಾಧ್ಯ, ಅದೂ ನವೆಂಬರಿನಿಂದ ಜನವರಿಯವರೆಗಿನ ತಿಳಿ ಆಕಾಶದ ದಿನಗಳಲ್ಲಿ. ಮಲ್ಪೆಯನ್ನು ಮೂರೂವರೆಗೆ ಬಿಟ್ಟರೆ ಸಾಕು.

ಹೊತ್ತು ಉಳಿದರೆ ಮಲ್ಪೆಯಿಂದ ಉತ್ತರಕ್ಕೆ ಕೋಡಿಬೆಂಗ್ರೆಗೆ ಹೋಗಿ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಇರುವ ನೆಲದ ಪಟ್ಟಿಯಲ್ಲಿ ರಸ್ತೆ ಸಾಗಿ, ಅಳಿವೆಯ ಬಳಿ ನಿಂತುಬಿಡುತ್ತದೆ. ಸ್ವರ್ಣೆಯೊಂದಿಗೆ ಅಲ್ಲಿ ಕಡಲು ಸೇರುವ ಇನ್ನೊಂದು ನದಿ ಸೀತೆ. ಆಗುಂಬೆಯಿಂದ ನಿಮ್ಮ ಜೊತೆಗೆ ಇಳಿದು ಬಂದದ್ದು ಇದೇ ನೀರು ಎಂದು ಮಗಳಿಗೆ ತೋರಿಸಬಹುದು.

ಹೆಬ್ರಿ ಚಾಲಕ

ಮೇಷ್ಟ್ರು ಹೇಳಿದ ವೇಳಾಪಟ್ಟಿಗೆ ನನ್ನದೊಂದು ಎಚ್ಚರಿಕೆ. ಸೂರ್ಯಾಸ್ತ ವೀಕ್ಷಣಾ ತಾಣ ಇರುವುದು ಘಾಟಿಯ ಮೇಲಿನ ತಿರುವೊಂದರಲ್ಲಿ, ರಜಾದಿನದ ಸಂಜೆ ಅಲ್ಲಿ ಕಾರು ನಿಲ್ಲಿಸಲು ಜಾಗವೇ ಇರುವುದಿಲ್ಲ. ತಿರುವಿನಲ್ಲಿಯೇ ನಿಲ್ಲಿಸಿ ಇಳಿದುಬಿಡುವವರಿಂದ ಎರಡೂ ಕಡೆ ವಾಹನಗಳ ಸಾಲು ಬೆಳೆಯುತ್ತದೆ. ವಾರದ ನಡುವೆ ಬನ್ನಿ. ಸೂರ್ಯ ಮುಳುಗಿದೊಡನೆ ಹೊರಟುಬಿಡಿ. ಘಾಟಿ ಅಷ್ಟರಲ್ಲಿ ಮುಗಿದಿರುತ್ತದಾದರೂ ಆಗುಂಬೆಯಿಂದ ತೀರ್ಥಹಳ್ಳಿಯವರೆಗೆ ಕಾಡಿನ ರಸ್ತೆ. ಕಡವೆ, ಕಾಡುಕೋಣ ಅಡ್ಡ ಬರುವುದುಂಟು.

ಘಾಟಿಯ ಕೋತಿಗಳಿಗೆ ದಯವಿಟ್ಟು ಏನನ್ನೂ ಕೊಡಬೇಡಿ. ಕಿಟಕಿಯಿಂದ ಬಾಳೆಹಣ್ಣು ಎಸೆಯುವವರಿಂದಾಗಿಯೇ ಅವು ಕಾಡು ಬಿಟ್ಟು ರಸ್ತೆಯಲ್ಲಿ ಕುಳಿತಿವೆ, ತಿರುವು ತಿರುಗಿದ ಗಾಡಿಯ ಚಕ್ರಕ್ಕೆ ಮರಿಗಳು ಸಿಕ್ಕಿ ಸಾಯುವುದನ್ನು ನಾವು ನೋಡುತ್ತಿರುತ್ತೇವೆ. ಇನ್ನು ಬೆಳಗಿನ ತಿಂಡಿಯನ್ನು ಘಾಟಿ ಇಳಿದ ಮೇಲೆ ಇಟ್ಟುಕೊಳ್ಳಿ; ಹೊಟ್ಟೆ ತುಂಬಿದವರಿಗೆ ಹದಿನಾಲ್ಕು ತಿರುವು ಹೆಚ್ಚು. ಹೆಬ್ರಿಯಲ್ಲಿ ನೀರ್ ದೋಸೆ ಸಿಗುತ್ತದೆ.

ಜಡಿಮಳೆ

ಜುಲೈಯಲ್ಲಿ ಒಂದೇ ದಿನದಲ್ಲಿ ಕಡಲಿನವರೆಗೆ ಹೋಗಿ ಮರಳುವುದು ಬೇಡವೆಂಬ ಚಾಲಕರ ಮಾತಿಗೆ ನನ್ನದೂ ತಕರಾರಿಲ್ಲ. ನಾನು ಬರುವಾಗ ಉಡುಪಿಯಲ್ಲಿ ಉಳಿಯುತ್ತೇನೆ, ಆ ವ್ಯತ್ಯಾಸ ದೊಡ್ಡದು. ಆದರೂ ತಾಯಿಯವರ ಮಳೆಯನ್ನು ನವೆಂಬರಿಗೆ ಮುಂದೂಡುವುದು ನ್ಯಾಯವಲ್ಲ. ನವೆಂಬರಿನಲ್ಲಿ ಅವರು ನೋಡುವುದು ಮಳೆ ನಿಂತ ಆಗುಂಬೆಯನ್ನು. ಜುಲೈನಲ್ಲಿ ಆಗುಂಬೆಯವರೆಗೆ ಮಾತ್ರ ಬಂದು, ಘಾಟಿ ಇಳಿಯದೆ ಹಿಂದಿರುಗಿದರೆ ಏನು ತೊಂದರೆ?

ಬಯಲುಸೀಮೆಯವ

ಜಡಿಮಳೆಯವರ ಸಲಹೆ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗಿದೆ. ಜುಲೈಯಲ್ಲಿ ಶಿವಮೊಗ್ಗದಿಂದ ಆಗುಂಬೆಗೆ ಮಾತ್ರ ಹೋಗಿ, ಮಧ್ಯಾಹ್ನದವರೆಗೆ ಮಳೆಯಲ್ಲಿದ್ದು, ಬೆಳಕಿರುವಾಗಲೇ ಮರಳುತ್ತೇವೆ. ದೀಪಾವಳಿಯ ರಜೆಗೆ ಮತ್ತೆ ಬಂದಾಗ, ವಾರದ ನಡುವಿನ ಒಂದು ದಿನ ನೋಡಿ, ಐದಕ್ಕೆ ಹೊರಟು ಮಲ್ಪೆಗೆ ಇಳಿಯುತ್ತೇವೆ. ತಾಯಿಯವರು ಎರಡನೆಯ ಪಯಣಕ್ಕೂ ಬರುತ್ತಾರಂತೆ. ಬಲರಾಮ ದೇವಸ್ಥಾನದ ಮಾತು ಕೇಳಿದ ಮೇಲೆ ವಾಸನೆಯ ಚಿಂತೆ ಅವರಿಗೆ ಉಳಿದಿಲ್ಲ. ಮಗಳು ಮಾತ್ರ ಸೇಂಟ್ ಮೇರೀಸ್ ದ್ವೀಪವನ್ನೂ ಅದೇ ದಿನಕ್ಕೆ ಸೇರಿಸಬೇಕೆಂದು ಹಟ ಹಿಡಿದಿದ್ದಾಳೆ. ಆಗಬಹುದೇ?

ಬಂದರು ಬದಿಯವಳು

ಆಗಬಹುದು, ಆದರೆ ಅದನ್ನು ಸೇರಿಸಿದರೆ ಕೋಡಿಬೆಂಗ್ರೆಯನ್ನು ಬಿಡಬೇಕು. ದ್ವೀಪದ ಕಂಬಗಳಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ಆರಿ ಮೂಡಿದವು, ನೋಡತಕ್ಕವೇ. ದೋಣಿ ಒಂದಷ್ಟು ಜನ ಸೇರುವವರೆಗೆ ಹೊರಡದಿರುವುದರಿಂದ ಹೋಗಿ ಬರಲು ಎರಡೂವರೆ, ಮೂರು ಗಂಟೆ ಹಿಡಿಯುತ್ತದೆ. ಬಂದರನ್ನು ಮೊದಲು ಮುಗಿಸಿ, ಹನ್ನೊಂದರ ಸುಮಾರಿಗೆ ದ್ವೀಪಕ್ಕೆ ಹೊರಡಿ, ಎರಡು ಗಂಟೆಗೆ ಬಂದು ಊಟ ಮಾಡಿ. ಅಲ್ಲಿ ನೆರಳು ಕಡಿಮೆ, ಬಂಡೆಗಳ ಮೇಲೆ ನಡೆಯಬೇಕು, ದೋಣಿ ಹತ್ತಿಳಿಯುವಾಗ ಅಲುಗಾಡುತ್ತದೆ. ತಾಯಿಯವರನ್ನು ಕರೆದೊಯ್ಯುವುದು ಬೇಡ, ಯಾರಾದರೊಬ್ಬರು ಅವರೊಡನೆ ದಡದಲ್ಲಿ ಉಳಿಯಿರಿ.

ಇನ್ನೊಂದು ಮಾತು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ, ಚಂಡಮಾರುತಗಳು ಏಳುವುದುಂಟು. ಅಂಥ ಮುನ್ಸೂಚನೆ ಇದ್ದರೆ ಮೀನುಗಾರರು ಕಡಲಿಗಿಳಿಯಬಾರದೆಂದು ಹವಾಮಾನ ಇಲಾಖೆ ಎಚ್ಚರಿಸುತ್ತದೆ, ಬೋಟುಗಳೆಲ್ಲ ಒಳಗೆ ಬಂದು ಸೇರುತ್ತವೆ, ದ್ವೀಪದ ದೋಣಿಯೂ ನಿಲ್ಲುತ್ತದೆ. ಹೊರಡುವ ಹಿಂದಿನ ದಿನ ಕರಾವಳಿಯ ಹವಾಮಾನ ವರದಿ ನೋಡಿಕೊಳ್ಳಿ. ಎಚ್ಚರಿಕೆ ಇದ್ದರೆ ಎರಡು ಮೂರು ದಿನ ತಡೆದು ಬನ್ನಿ. ಕಡಲು ಶಾಂತವಾಗಿ ಬೋಟುಗಳು ಮತ್ತೆ ಹೊರಟ ಮೇಲೆ ಧಕ್ಕೆಯಲ್ಲಿ ನೋಡುವುದಕ್ಕೆ ಬೇಕಾದಷ್ಟಿರುತ್ತದೆ.